ಹೊಗೆ ಕುಡಿದ ಮರ

ಹೋದ ವರ್ಷ ಜೂನ್ ತಿಂಗಳ ಕೊನೆಯ ಒಂದು ಸಂಜೆ, ಮಡಿಕೇರಿಯ ಮಳೆ ಹಿಡಿದು ಸುರಿಯುತ್ತಿದ್ದಾಗ, ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಂಬಳಿಯಲ್ಲಿ ಸುತ್ತಿದ ರೈಫಲೊಂದನ್ನು ಹೊತ್ತು ನಮ್ಮ ಮನೆಗೆ ಬಂದರು. ಅವರು ಕೊಡವರು. ಬ್ರಿಟಿಷರ ಕಾಲದಿಂದ ಅವರಿಗಿರುವ ಕೋವಿಯ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿದೆಯಷ್ಟೆ. ರೈಫಲು ಕ್ರಮಬದ್ಧವಾಗಿಯೇ ಅವರ ಕೈಗೆ ಬಂದಿತ್ತು; ಆದರೆ ಅದರೊಡನೆ ಹಿಂದಿನ ಒಡೆಯನ ಸಿಗರೇಟೂ ಬಂದಿತ್ತು. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಕುಡಿದ ಹೊಗೆಯನ್ನೆಲ್ಲ ಆ ಆಕ್ರೋಟ್ ಮರದ ಹಿಡಿ ಜೋಪಾನವಾಗಿ ಕೂಡಿಟ್ಟಿತ್ತು.

ನಮ್ಮ ತಂದೆ ಬಡಗಿಯಾಗಿದ್ದರು. ಕನ್ನಡ ಪಾಠ ಹೇಳುತ್ತಲೇ ಮುದುಕನಾದ ನನ್ನ ಕೈಯಲ್ಲಿ ಮರದ ವಿದ್ಯೆ ಕೊಂಚ ಉಳಿದಿದೆಯೆಂದು ಈ ಮಿತ್ರರ ನಂಬಿಕೆ.

"ಸ್ವಲ್ಪ ವಾಸನೆ ತಾನೆ, ಇದ್ದರೇನು?" ಎಂದೆ. ಅವರು ನಗಲಿಲ್ಲ. ವೈದ್ಯರ ಮಾತಿಗೆ ಕಟ್ಟುಬಿದ್ದು ಅವರು ಸಿಗರೇಟು ಬಿಟ್ಟು ಆಗ ಎರಡು ವರ್ಷ. ಗುರಿ ಹಿಡಿಯುವವನು ಹಿಡಿಗೆ ಕೆನ್ನೆಯನ್ನು ಒತ್ತಲೇಬೇಕಲ್ಲವೆ? "ಕೆನ್ನೆ ಒತ್ತಿದೊಡನೆ ಬಾಯಿ ಸಿಗರೇಟು ಕೇಳುತ್ತದೆ, ಮೇಷ್ಟ್ರೇ" ಎಂದರು.

ವಾಸನೆ ಎಂಬ ಮಾತಿಗೆ ಗಂಧವೆಂದಷ್ಟೇ ಅಲ್ಲ, ಕಳೆದ ಅನುಭವ ಮನಸ್ಸಿನಲ್ಲಿ ಉಳಿಸಿದ ಸಂಸ್ಕಾರವೆಂದೂ ನಮ್ಮ ಹಿರಿಯರು ಅರ್ಥ ಹೇಳಿದರು. ತರಗತಿಯಲ್ಲಿ ಎಷ್ಟೋ ಸಲ ಇದನ್ನು ವಿವರಿಸಿದ್ದೇನೆ, ಅರ್ಥವಾದದ್ದು ಅಂದು.

ಮೊದಲು ಮಾಡಿದ್ದು ಮೂರ್ಖತನ. ಹಿಡಿಗೆ ಗಂಧದೆಣ್ಣೆ ತೀಡಿದೆ. ಮರುದಿನ ಮೂಸಿದರೆ, ಶ್ರಾದ್ಧದ ಮನೆಯಲ್ಲಿ ಯಾರೋ ಕದ್ದು ಸಿಗರೇಟು ಸೇದಿದಂತಿತ್ತು! ಒಲೆಯ ಬಳಿ ಒಣಗಲಿಟ್ಟೆ. ಎಳೆಯಷ್ಟು ಸಣ್ಣ ಬಿರುಕೊಂದು ಕಾಣಿಸಿಕೊಂಡಿತು. ಅದು ಇಂದಿಗೂ ಇದೆ. ಮಿತ್ರರು ಅದರ ಸುದ್ದಿ ಎತ್ತುವುದಿಲ್ಲ.

ಆಮೇಲೆ ಬುದ್ಧಿ ಬಂತು. ರೈಫಲಿನಲ್ಲಿ ಗುಂಡಿಲ್ಲವೆಂದು ಮಿತ್ರರು ಎರಡು ಬಾರಿ ನೋಡಿ, ನಳಿಗೆಯನ್ನೂ ಕಬ್ಬಿಣದ ಭಾಗಗಳನ್ನೂ ಬಿಚ್ಚಿ ಬೇರೆಯಿಟ್ಟರು. ಹೊಗೆಯೆಂದರೆ ಬರಿಯ ಗಾಳಿಯಲ್ಲ, ಅಂಟುವ ಎಣ್ಣೆಯಂಥ ಟಾರು. ಒರೆಸದೆ ಅದು ಹೋಗದು. ಸೌಮ್ಯವಾದ ಸಾಬೂನಿನ ನೀರಿನಲ್ಲಿ ಅದ್ದಿ, ಹನಿ ಉಳಿಯದಂತೆ ಹಿಂಡಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತು. ಒಣಬಟ್ಟೆಯಿಂದ ಒತ್ತಿ, ನೆರಳಲ್ಲಿ ಆರಿಸಿ, ಮತ್ತೆ ಒರೆಸಿದೆ. ಬಟ್ಟೆ ಬಿಳಿಯಾಗಿ ಉಳಿಯಲು ಐದಾರು ಸರದಿ ಬೇಕಾಯಿತು. ನೀರು ಹೆಚ್ಚಾದರೆ ಮರದ ನಾರು ಎದ್ದು ನಿಲ್ಲುತ್ತದೆ, ಅವಸರ ಸಲ್ಲದು.

ಆದರೂ ವಾಸನೆ ಎಲ್ಲಿಂದಲೋ ಬರುತ್ತಿತ್ತು. ಭುಜಕ್ಕೆ ತಾಗುವ ತುದಿಯ ತಗಡನ್ನು ಬಿಚ್ಚಿದಾಗ ಕಳ್ಳ ಸಿಕ್ಕಿದ. ಅಲ್ಲಿ ಮರವನ್ನು ಅಡ್ಡಕ್ಕೆ ಕೊಯ್ದಿರುತ್ತದೆ. ಹಿಂದೊಮ್ಮೆ ನೀರನ್ನು ಎಲೆಗೊಯ್ದ ನಾಳಗಳೆಲ್ಲ ಬಾಯ್ತೆರೆದು ಕುಳಿತಿರುತ್ತವೆ. ಮೆರುಗಿನ ಕಾವಲೂ ಅಲ್ಲಿಲ್ಲ. ಮಳೆಗಾಲದ ತೇವಕ್ಕೆ ಒಳಗಿನ ವಾಸನೆ ಹೊರಬರುತ್ತಿದ್ದದ್ದು ಅಲ್ಲಿಂದ, ಮತ್ತು ನಳಿಗೆ ಕೂರುವ ಹಳ್ಳದಿಂದ.

ಹಿಡಿಯನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಟ್ಟಲುಗಳಲ್ಲಿ ಇದ್ದಿಲನ್ನೂ ಅಡುಗೆ ಸೋಡವನ್ನೂ ಇಟ್ಟೆ. ಮರಕ್ಕೆ ಅವು ಸೋಕಬಾರದು. ವಾರಕ್ಕೊಮ್ಮೆ ಹೊಸದು ತುಂಬಿ, ಒಂದು ತಿಂಗಳು ಮರೆತುಬಿಟ್ಟೆ. ಮರೆಯುವುದೇ ಇದರಲ್ಲಿ ಕಷ್ಟದ ಕೆಲಸ; ಮಿತ್ರರು ಎರಡು ದಿನಕ್ಕೊಮ್ಮೆ ಮೂಸಲು ಬರುತ್ತಿದ್ದರು. ಬಳಿಕ ಕಣ್ಣಿಗೆ ಬೀಳದ ಆ ಎರಡು ಜಾಗಗಳಿಗೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಬಳಿದೆ. ಉಳಿದ ವಾಸನೆಯನ್ನು ಒಳಗೇ ಬೀಗ ಹಾಕಿಡಲು ಅರಗಿಗೆ ಸಮನಾದದ್ದು ಕಡಿಮೆ. ಹೊರಮೈಗೆ ಅಗಸೆ ಎಣ್ಣೆ ತಿಕ್ಕಿದೆ. ಒಂದು ಮಾತು ಮರೆಯಬೇಡಿ: ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ನನ್ನನ್ನೂ ಕರೆದಿದ್ದರು. ಪೂಜೆಗಿಟ್ಟ ಕೋವಿಗಳ ನಡುವೆ, ನಳಿಗೆಗೆ ತೋಕ್‌ಪೂ ಸಿಕ್ಕಿಸಿಕೊಂಡು ನಮ್ಮ ರೈಫಲೂ ಇತ್ತು. ಪೂಜೆ ಮುಗಿದ ಮೇಲೆ ಮಿತ್ರರು ಅದನ್ನೆತ್ತಿ ಕೆನ್ನೆಗೊತ್ತಿಕೊಂಡು, ಗುರಿಗೆ ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತೇ ನಿಂತರು.

"ಎಣ್ಣೆಯ ವಾಸನೆ" ಎಂದರು.

"ಬರುವ ಮಳೆಗಾಲದಲ್ಲಿ ಇನ್ನೊಮ್ಮೆ ಮೂಸಿ ನೋಡಿ" ಎಂದೆ.