ದಿಲ್ಲಿಯಿಂದ ಬೆಂಗಳೂರು ಎಷ್ಟು ದೂರ?

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ದಿಲ್ಲಿಯಿಂದ ಬೆಂಗಳೂರು ಎಷ್ಟು ದೂರವೆಂದು ನಮ್ಮಲ್ಲಿ ಯಾರನ್ನು ಕೇಳಿದರೂ "ಎರಡೂಮುಕ್ಕಾಲು ಗಂಟೆ" ಎಂಬ ಉತ್ತರ ಬರುತ್ತದೆ. ಕೇಳಿದ್ದು ದೂರ, ಹೇಳಿದ್ದು ಹೊತ್ತು! ನಮ್ಮ ಹಿರಿಯರಾಗಿದ್ದರೆ "ಎರಡು ರಾತ್ರಿ" ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವ ನಮಗೆ ಈ ಲೆಕ್ಕವನ್ನೊಮ್ಮೆ ತಾಳೆ ನೋಡಬೇಕೆನಿಸಿತು.

ಎರಡೂ ನಗರಗಳು ಹೆಚ್ಚುಕಡಿಮೆ 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿಯೇ ಇವೆ. ಭೂಪಟದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಗೆರೆ ಎಳೆದರೆ ಸುಮಾರು 1,700 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರಿಗೂ ಮಿಕ್ಕಿ ಹಾರುವ ವಿಮಾನಕ್ಕೆ ಇದು ಎರಡು ಗಂಟೆಯ ಹಾದಿ. ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯಿತು? ವೇಳಾಪಟ್ಟಿಯ ಲೆಕ್ಕ ಶುರುವಾಗುವುದು ವಿಮಾನ ನೆಲ ಬಿಟ್ಟಾಗ ಅಲ್ಲ, ನಿಂತ ಜಾಗ ಬಿಟ್ಟಾಗ. ಮುಗಿಯುವುದು ಆ ಊರಿನಲ್ಲಿ ಪುನಃ ನಿಂತಾಗ. ರನ್‌ವೇಗೆ ಸಾಗುವುದು, ಸರದಿ ಕಾಯುವುದು, ಏರುವಾಗ ಇಳಿಯುವಾಗ ವೇಗ ಕಡಿಮೆಯಾಗುವುದು, ಗೊತ್ತುಮಾಡಿದ ವಾಯುಮಾರ್ಗವನ್ನು ಹಿಡಿದು ಬಳಸಿ ಹೋಗುವುದು, ಎಲ್ಲವೂ ಅದರಲ್ಲಿ ಸೇರಿವೆ.

ಇದು ವಿಮಾನದ ಲೆಕ್ಕವಾಯಿತು. ಪ್ರಯಾಣಿಕನ ಲೆಕ್ಕ ಬೇರೆ. ಮನೆಯಿಂದ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ತಪಾಸಣೆ ಮತ್ತು ಕಾಯುವಿಕೆಗೆ ಎರಡು ಗಂಟೆ. 2008ರಲ್ಲಿ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಯ ಬಳಿಗೆ ಹೋದ ಮೇಲೆ ಊರೊಳಕ್ಕೆ ಸುಮಾರು 35 ಕಿಲೋಮೀಟರು. ಬಾಗಿಲಿನಿಂದ ಬಾಗಿಲಿಗೆ ಏಳೆಂಟು ಗಂಟೆ ಹಿಡಿಯಿರಿ. ತೀರ್ಥಹಳ್ಳಿಯವರಾದರೆ ಬಸ್ಸಿನಲ್ಲಿ ಇನ್ನೊಂದು ರಾತ್ರಿ.

ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಇದೇ ಪ್ರಯಾಣ ಸುಮಾರು 2,400 ಕಿಲೋಮೀಟರು, ನಲವತ್ತು ಗಂಟೆ. ಭೋಪಾಲ, ಭುಸಾವಳ, ಸೊಲ್ಲಾಪುರಗಳ ಮೇಲೆ ಬರುವ ಈ ರೈಲಿನಲ್ಲಿ ಮಕ್ಕಳು ನರ್ಮದೆ, ತಪತಿ, ಭೀಮೆ, ಕೃಷ್ಣೆಯರನ್ನು ಕಿಟಕಿಯಿಂದಲೇ ಕಾಣುತ್ತಾರೆ. ಕಲಬುರಗಿಯಲ್ಲಿ ಚಹಾ ಮಾರುವವನ ಕನ್ನಡ ಕಿವಿಗೆ ಬಿದ್ದರೆ, ಊರು ಬಂತೆಂದು ಮನಸ್ಸಿಗೆ ಹಿಗ್ಗು.

ಹಾಗೆಂದು ವಿಮಾನ ಬೇಡವೆಂದು ನಾವು ಹೇಳುತ್ತಿಲ್ಲ. ತಂದೆಗೆ ಎದೆನೋವೆಂದು ನಸುಕಿನಲ್ಲಿ ಫೋನು ಬಂದರೆ ಸಂಜೆಯೊಳಗೆ ಅವರ ಹಾಸಿಗೆಯ ಪಕ್ಕದಲ್ಲಿ ನಿಲ್ಲಬಹುದು. ಮಗ ರೈಲಿಳಿಯುವ ಹೊತ್ತಿಗೆ ಎಲ್ಲವೂ ಮುಗಿದುಹೋಗಿದ್ದ ಮನೆಗಳು ನಮ್ಮೊಳಗೇ ಇವೆ. ಅಂಥವರ ಮುಂದೆ ವಿಮಾನವನ್ನು ಹಳಿಯುವುದು ಸಲ್ಲದು.

ನಮ್ಮ ಚಿಂತೆ ಬೇರೆ. ಊರು ದೂರವಿದ್ದಾಗ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅಜ್ಜಿಯ ಮನೆಯಲ್ಲಿರುತ್ತಿದ್ದೆವು. ಹತ್ತಿರವಾದ ಮೇಲೆ, ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದು ಮುಂದೂಡುತ್ತೇವೆ. ಮದುವೆಗೊಂದು ದಿನ, ತಿಥಿಗೊಂದು ದಿನ ಮುಖ ತೋರಿಸಿ ಹಿಂದಿರುಗುತ್ತೇವೆ. ತಿಂಗಳಿದ್ದ ಮಗು ಗಾದೆಯನ್ನೂ ಬೈಗುಳವನ್ನೂ ಸೇರಿಸಿಯೇ ಕನ್ನಡ ಕಲಿತು ಬರುತ್ತಿತ್ತು. ಒಂದು ದಿನಕ್ಕೆ ಹೋದ ಮಗು ಅಜ್ಜಿಗೆ "ನಮಸ್ತೇ" ಎಂದು ಹೇಳಿ ಬರುತ್ತದೆ. ಅಜ್ಜಿ ನಗುತ್ತಾಳೆ, ಆಮೇಲೆ ಏನು ಮಾತನಾಡಬೇಕೋ ಇಬ್ಬರಿಗೂ ತಿಳಿಯದು.

ಹೋಗುವಾಗ ಮೂವತ್ತು, ಬರುವಾಗ ಮೂವತ್ತು, ಒಟ್ಟು ಅರುವತ್ತು ಗಂಟೆಗಳನ್ನು ವಿಮಾನ ನಮಗೆ ಉಳಿಸಿಕೊಡುತ್ತದೆ. ಎರಡೂವರೆ ದಿನ! ಈ ಉಳಿತಾಯ ಯಾರ ಖಾತೆಗೆ ಜಮೆಯಾಗುತ್ತಿದೆ? ಆಫೀಸಿನ ಖಾತೆಗೆ, ಅಜ್ಜಿಯ ಖಾತೆಗಲ್ಲ.

ಆದ್ದರಿಂದ ಬಂಧುಗಳಲ್ಲಿ ನಮ್ಮದೊಂದೇ ಬಿನ್ನಹ. ಮುಂದಿನ ಸಲ ಊರಿಗೆ ಟಿಕೆಟ್ ತೆಗೆಸುವಾಗ, ಹಿಂದಿರುಗುವ ತಾರೀಖನ್ನು ಎರಡೂವರೆ ದಿನ ಮುಂದಕ್ಕೆ ಹಾಕಿರಿ. ಉಳಿಸಿದ ಹೊತ್ತು ಉಳಿಸಿದ ಮನೆಗೇ ಸಲ್ಲಲಿ.