ದಯೆಗೂ ಒಂದು ಅಳತೆ ಬೇಕು

(ಬಿಟ್ಟಂಗಾಲದಲ್ಲಿ ಸೇರಿದ್ದ ಸಣ್ಣ ಹಿಡುವಳಿದಾರರ ಹಾಗೂ ತೋಟದ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಎರಡು ಮೂರು ಎಕರೆಯ ಸಂಸಾರವು ತನ್ನ ಗದ್ದೆ, ದನ, ಕೋಳಿಗಳೊಡನೆ ಮಾನದಿಂದ ಬದುಕುವುದು ಹೇಗೆ, ಸಾಕಿದ ಪ್ರಾಣಿಯನ್ನು ಗೋಳಾಡಿಸದೆ ಬೇಸಾಯ ಮಾಡುವುದು ಹೇಗೆ ಎಂಬುದನ್ನು ಕುರಿತು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಕಂಡದ್ದನ್ನು ಹೇಳುತ್ತೇನೆ.

ಮೇಷ್ಟರಾಗಿದ್ದಾಗ ಒಂದು ದಿನ ಮಕ್ಕಳಿಗೆ "ನಮ್ಮ ಮನೆಯ ಪ್ರಾಣಿ" ಎಂಬುದರ ಮೇಲೆ ಐದು ವಾಕ್ಯ ಬರೆಯಿರೆಂದು ಹೇಳಿದೆ. ಹಸು, ನಾಯಿ, ಬೆಕ್ಕು ಎಂದು ಎಲ್ಲರೂ ಬರೆದರು. ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಒಂದೇ ವಾಕ್ಯ ಬರೆದಿದ್ದಳು: "ನಮ್ಮ ಮನೆಯಲ್ಲಿ ಪ್ರಾಣಿ ಇಲ್ಲ, ಕೋಳಿ ಸಾಕಿದರೆ ಸಾಹುಕಾರರು ಬೈಯುತ್ತಾರೆ." ಐದು ವಾಕ್ಯ ಬರೆಯಲಿಲ್ಲವೆಂದು ನಾನು ಅವಳಿಗೆ ಅಂಕ ಕಡಿಮೆ ಕೊಟ್ಟೆ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಪ್ರಾಣಿದಯೆಯ ಪಾಠ ಹೇಳಲು ಹೊರಟವನಿಗೆ, ಪ್ರಾಣಿಯನ್ನು ಕಟ್ಟಲು ಮೂರು ಮೊಳ ನೆಲವೂ ಇಲ್ಲದವರು ತನ್ನ ಎದುರಿಗೇ ಕುಳಿತಿರುವುದು ಕಾಣಲಿಲ್ಲ.

ಇನ್ನೊಂದು ಸಂಗತಿ. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಎತ್ತುಗಳಿರಲಿಲ್ಲ. ನಾಟಿಯ ಕಾಲಕ್ಕೆ ಒಂದು ಜೊತೆಯನ್ನು ಎರಡು ದಿನದ ಮಟ್ಟಿಗೆ ಎರವಲು ತರುತ್ತಿದ್ದೆವು. ಒಂದು ವರ್ಷ ಮೊದಲ ದಿನದ ಸಂಜೆಗೇ ಒಂದು ಎತ್ತಿನ ಹೆಗಲು ನೊಗ ಉಜ್ಜಿ ಹುಣ್ಣಾಯಿತು. ಅಪ್ಪ ರಾತ್ರಿ ಲಾಟೀನು ಹಿಡಿದು ಹುಣ್ಣು ತೊಳೆದು ಎಣ್ಣೆ ಹಚ್ಚಿದರು. ಬೆಳಿಗ್ಗೆ ಅದೇ ಹೆಗಲಿನ ಮೇಲೆ ನೊಗವಿಟ್ಟರು. ನಮ್ಮ ಅಪ್ಪ ಕ್ರೂರಿಯಾಗಿರಲಿಲ್ಲ. ಅವರ ಕೈಯಲ್ಲಿ ಉಳಿದಿದ್ದುದು ಒಂದೇ ದಿನ, ಉಳಬೇಕಾಗಿದ್ದುದು ಅರ್ಧ ಗದ್ದೆ. ಬಡವನ ಮನಸ್ಸಿನಲ್ಲಿ ದಯೆ ಇಲ್ಲವೆಂದಲ್ಲ. ದಯೆ ತೋರಿಸುವಷ್ಟು ಹೊತ್ತು, ಹುಲ್ಲು, ನೆಲ ಅವನ ಬಳಿ ಇರುವುದಿಲ್ಲ.

ಈ ನೆಲ, ಹುಲ್ಲು ಎಲ್ಲಿ ಹೋಯಿತು? ಕೊಡಗಿನ ಹಳೆಯ ಭೂವ್ಯವಸ್ಥೆಯಲ್ಲಿ ಗದ್ದೆಯ ಜೊತೆಗೆ ಬಾಣೆ ಇರುತ್ತಿತ್ತು. ದನ ಮೇಯಲು, ಸೌದೆಗೆ, ಗದ್ದೆಗೆ ಸೊಪ್ಪು ತರಲು ಎಂದೇ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ ಅದು. ಬಾಣೆ ದನವನ್ನು ಸಾಕಿತು, ದನ ಗದ್ದೆಯನ್ನು ಸಾಕಿತು, ಗದ್ದೆ ಮನೆಯನ್ನು ಸಾಕಿತು. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುವವನಲ್ಲ. ಅದೇ ಗದ್ದೆಗಳಲ್ಲಿ ಯರವರೂ ಪಣಿಯರೂ ಜೀತದಾಳುಗಳಾಗಿ ದುಡಿದರು. ಜೀತವನ್ನು ನಿಷೇಧಿಸುವ ಕಾಯಿದೆ ಬಂದದ್ದು 1976ರಲ್ಲಿ. ಆದರೆ ಗದ್ದೆಗೂ ಮೇವಿನ ನೆಲಕ್ಕೂ ಇದ್ದ ಸಂಬಂಧ ಮಾತ್ರ ವಿವೇಕದ್ದು. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿ ತೋಟ ಎದ್ದಿತು. ಅಲ್ಲಿಂದ ಮುಂದೆ ಕಾಫಿ ಬಾಣೆಗಳ ಮೇಲೆಯೂ ಹರಡಿತು. ಮೇವು ಹೋಯಿತು, ಮೇವಿನ ಹಿಂದೆ ದನ ಹೋಯಿತು, ದನದ ಹಿಂದೆ ಗೊಬ್ಬರ ಹೋಯಿತು. ಇಂದು ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ.

ಬಂಧುಗಳೇ, 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಯಾವುದರ ಮೇಲೆ? ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದು ಎಂಬುದೇ ಅವರ ದೂರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ನ್ಯಾಯವೆಂಬುದು ಅಳತೆಯಿಂದ ಆರಂಭವಾಗುತ್ತದೆ ಎಂದು ಆ ರೈತರು ನಾಡಿಗೆ ಕಲಿಸಿದರು. ದಯೆಯೂ ಹಾಗೆಯೇ. "ನಮಗೆ ಪ್ರಾಣಿಗಳೆಂದರೆ ಪ್ರೀತಿ" ಎಂದರೆ ಸಾಲದು. ಎಷ್ಟು ಹೊತ್ತು ದುಡಿಸಿದಿರಿ? ಎಷ್ಟು ನೀರು ಕೊಟ್ಟಿರಿ? ಹಗ್ಗ ಎಷ್ಟು ಉದ್ದ? ಇದನ್ನು ಹೇಳಿ.

ನಮ್ಮ ದೇಶದಲ್ಲಿ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂತು. ಅದರ ಕೆಳಗೆ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಬಂಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ತೀರ ಗಿಡ್ಡ ಹಗ್ಗದಲ್ಲಿ ಬಹಳ ಹೊತ್ತು ಕಟ್ಟಿಹಾಕುವುದೂ ಕಾಯಿದೆಯ ಕಣ್ಣಿನಲ್ಲಿ ಅಪರಾಧವೇ. ಕೂಲಿಕಾರನ ದುಡಿಮೆಯ ಗಂಟೆಗಾಗಿ ಲೋಕದಲ್ಲೆಲ್ಲ ಹೋರಾಡಿದವರು ನಾವು. ಎತ್ತಿನ ದುಡಿಮೆಯ ಗಂಟೆಯನ್ನು ಮರೆಯಬಹುದೇ?

ಇನ್ನು ಮನೆಯ ಲೆಕ್ಕಕ್ಕೆ ಬರೋಣ. ಸಣ್ಣ ಹಿಡುವಳಿಗೆ ನಮ್ಮ ನಾಡ ಹಸುವೇ ಒಪ್ಪುತ್ತದೆ. ಮಲೆನಾಡು ಗಿಡ್ಡ ಎಂಬ ಈ ಪಶ್ಚಿಮಘಟ್ಟದ ತಳಿಯು ಜಡಿಮಳೆಗೆ ಹೆದರದು, ಗುಡ್ಡದಲ್ಲಿ ತಾನೇ ಮೇಯ್ದು ಬರುವುದು. ಹಾಲು ದಿನಕ್ಕೆ ಒಂದೆರಡು ಲೀಟರ್ ಮಾತ್ರ. ಅದರಲ್ಲಿಯೂ ಕರುವಿನ ಪಾಲು ಮೊದಲು. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣುಹಾಲು ಸಿಕ್ಕಬೇಕು; ಆಮೇಲೆ ದಿನಕ್ಕೆ ಅದರ ತೂಕದ ಹತ್ತರಲ್ಲೊಂದು ಭಾಗದಷ್ಟು ಹಾಲು. ಸಣ್ಣ ಹಸುವಿಗೂ ದಿನಕ್ಕೆ 20ರಿಂದ 30 ಲೀಟರ್ ನೀರು ಬೇಕು. ಹಾಲು ಹೆಚ್ಚು ಕೊಡುವ ಮಿಶ್ರತಳಿಗೆ ಅದರ ಎರಡರಷ್ಟಾದರೂ ಬೇಕು. ಒಣಹುಲ್ಲೊಂದೇ ಹಾಕಿದರೆ ಹೊಟ್ಟೆ ತುಂಬೀತು, ಮೈ ತುಂಬದು. ತೋಟದ ಹಾಲುವಾಣದ ಸೊಪ್ಪು ಕೂಡಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹೊಡೆಯುವ ಈ ಊರಿನಲ್ಲಿ ಕೊಟ್ಟಿಗೆಯ ನೆಲ ಎತ್ತರದಲ್ಲಿರಬೇಕು, ಕೆಳಗೆ ತರಗೆಲೆಯ ಹಾಸು ಇರಬೇಕು. ಕೆಸರಿನಲ್ಲಿಯೇ ನಿಂತ ದನದ ಗೊರಸು ಕೊಳೆಯುತ್ತದೆ.

ಹಾಲಿನ ಲೆಕ್ಕ ಒಂದನ್ನೇ ಹಿಡಿದರೆ ಈ ಹಸು ನಷ್ಟವೆಂದು ತೋರೀತು. ಗೊಬ್ಬರದ ಲೆಕ್ಕವನ್ನೂ ಕೂಡಿಸಿ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಕಸಕಡ್ಡಿ, ಸಗಣಿ, ಗಂಜಲ ಹೀರಿದ ಮಣ್ಣು ಇವುಗಳನ್ನು ಪದರ ಪದರವಾಗಿ ಹಾಕಿ, ಆಗಾಗ ಮಗುಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದನು. ನಮ್ಮ ಅಜ್ಜಂದಿರ ಕೊಟ್ಟಿಗೆಯ ಹಾಸೇ ಅದರ ತಾಯಿಬೇರು. ಒಣಗಿದ ಹಾಸಿನಲ್ಲಿ ಮಲಗಿದ ಹಸು ಸುಖವಾಗಿರುತ್ತದೆ. ಅದೇ ಹಾಸು ಆಮೇಲೆ ಗದ್ದೆಗೂ ಕಾಫಿಗೂ ಕರಿಮೆಣಸಿಗೂ ಆಹಾರವಾಗುತ್ತದೆ. ಇಲ್ಲಿ ದಯೆಯೂ ಲಾಭವೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಎಲ್ಲ ಕಡೆಯಲ್ಲಿಯೂ ಹೀಗೆ ನಡೆಯುವುದಿಲ್ಲ. ಮುದಿ ಎತ್ತು, ಗಂಡು ಕರು, ಹಾಲು ಬತ್ತಿದ ಹಸು ಇವುಗಳನ್ನು ಏನು ಮಾಡುವುದು? 1964ರ ಕಾಯಿದೆಯಲ್ಲಿ 12 ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಗೆ ಕೊಡಲು ಅವಕಾಶವಿತ್ತು. 2020ರ ಕಾಯಿದೆ ಆ ದಾರಿಯನ್ನು ಮುಚ್ಚಿತು. 13 ವರ್ಷ ಮೀರಿದ ಎಮ್ಮೆ ಕೋಣಗಳಿಗಷ್ಟೆ ಅವಕಾಶ ಉಳಿಸಿತು. ಕೊಲ್ಲಬೇಡ ಎಂದು ಹೇಳಿದ ಸರಕಾರ ಹುಲ್ಲಿನ ಹೊರೆಯನ್ನು ಯಾರ ತಲೆಯ ಮೇಲೆ ಇಟ್ಟಿತು? ಎರಡೆಕರೆಯವನ ತಲೆಯ ಮೇಲೆ. ಅವನು ದನವನ್ನು ರಾತ್ರಿ ರಸ್ತೆಗೆ ಬಿಟ್ಟರೆ ಅದು ಹಸಿವಿನಿಂದ ಸಾಯುತ್ತದೆ, ಇಲ್ಲವೇ ಲಾರಿಗೆ ಸಿಕ್ಕುತ್ತದೆ. ಇದು ದಯೆಯಲ್ಲ.

ಕೋಳಿ, ಹಂದಿಗಳ ಮಾತನ್ನೂ ಮುಚ್ಚುಮರೆಯಿಲ್ಲದೆ ಆಡೋಣ. ನಾವು ಕೊಡಗಿನವರು ಮಾಂಸ ತಿನ್ನುವ ಜನ. ತಿನ್ನುವ ಪ್ರಾಣಿಗೆ ದಯೆ ಬೇಡವೆಂದು ಯಾರು ಹೇಳಿದರು? ಬದುಕಿರುವಷ್ಟು ದಿನ ಹಂದಿಗೆ ಹೊರಳಾಡುವಷ್ಟು ಗೂಡು, ಕೋಳಿಗೆ ಕೆದಕಲು ಮಣ್ಣು, ಕೊನೆಗೆ ಬೇಗ ಮುಗಿಯುವ ಸಾವು. ಕಾಲು ಕಟ್ಟಿ ತಲೆಕೆಳಗಾಗಿ ಸೈಕಲ್ಲಿಗೆ ನೇತುಹಾಕಿಕೊಂಡು ಸಂತೆಗೆ ಹೋಗುವುದನ್ನು ಇಂದಿನಿಂದಲೇ ಬಿಡಬಹುದು. ಅದಕ್ಕೆ ಕಾಸು ಖರ್ಚಿಲ್ಲ.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲನೆಯದು, ಪ್ರತಿ ಊರಿನಲ್ಲಿ ಉಳಿದಿರುವ ಗೋಮಾಳ, ಪೈಸಾರಿ ನೆಲವನ್ನು ಅಳೆದು, ಒತ್ತುವರಿ ಬಿಡಿಸಿ, ಮೇವಿಗೂ ಮನೆಯಿಲ್ಲದವರಿಗೂ ಕೊಡಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದನ್ನು ನಾವು ಮರೆತಿಲ್ಲ. ಎರಡನೆಯದು, ಲೈನ್ ಮನೆಯ ಸಂಸಾರಕ್ಕೆ ಕೊಡುವ ನಿವೇಶನದಲ್ಲಿ ನಾಲ್ಕು ಕೋಳಿ, ಒಂದು ಹಸು ಸಾಕುವಷ್ಟು ಹಿತ್ತಿಲು ಇರಬೇಕು. ಮೂರನೆಯದು, ಮುದಿ ದನಗಳಿಗೆ ಪಂಚಾಯತಿಯ ಖರ್ಚಿನಲ್ಲಿ ಕೊಟ್ಟಿಗೆ ಬೇಕು. ನಾಲ್ಕನೆಯದನ್ನು ನಾವೇ ಮಾಡಬಹುದು: ಐದಾರು ಮನೆಗಳು ಕೂಡಿ ಒಂದು ಜೊತೆ ಎತ್ತು ಅಥವಾ ಒಂದು ಸಣ್ಣ ಟಿಲ್ಲರು ಇಟ್ಟುಕೊಂಡು, ಗಂಟೆಯ ಲೆಕ್ಕ ಬರೆದಿಡುವುದು. ಸಣ್ಣ ಯಂತ್ರವನ್ನು ಲೋಹಿಯಾ ಬೇಡವೆನ್ನಲಿಲ್ಲ, ಬೇಕೆಂದರು.

ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಲ್ಲಿ ನಾವು ಕೋವಿಗೆ ತೋಕ್‌ಪೂ ಮುಡಿಸುತ್ತೇವೆ. ಈ ವರ್ಷ ಹೂವು ಮುಡಿಸುವ ಮೊದಲು ಕೊಟ್ಟಿಗೆಗೆ ಹೋಗಿ, ಎತ್ತಿನ ಹೆಗಲನ್ನು ಕೈಯಿಂದ ಒಮ್ಮೆ ಮುಟ್ಟಿ ನೋಡಿ. ಆಮೇಲೆ ತೋಟದ ಕೊನೆಯ ಲೈನ್ ಮನೆಯವರೆಗೆ ನಡೆದು, ಅಲ್ಲಿಯ ಮಗುವಿಗೆ ಕೋಳಿಮರಿ ಸಾಕಲು ಜಾಗವಿದೆಯೇ ಎಂದು ಕೇಳಿ. ಅದಕ್ಕೆ ಬರುವ ಉತ್ತರವನ್ನು ಹಿಡಿದುಕೊಂಡು ಮುಂದಿನ ಸಭೆಗೆ ಬನ್ನಿ. ಅಲ್ಲಿಂದಲೇ ಕೆಲಸ ಆರಂಭಿಸೋಣ.