ಗುಡುಗಿನ ಲೆಕ್ಕ



ಬಿರುಮಳೆ ಅಂದರೆ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಅದನ್ನೇ ಹುಡುಕಿಕೊಂಡು ಹೋಗುವವರೂ ಉಂಟು! ಅಮೆರಿಕದ ಉತ್ತರ ಡಕೋಟಾದಲ್ಲಿ ಡೇವಿಡ್ ಹೋಡ್ಲಿ ಎಂಬುವರು 1956ರಲ್ಲಿ ಬಿರುಗಾಳಿಯ ಬೆನ್ನು ಹತ್ತಿದರು. ಅದು ಅವರ ಹವ್ಯಾಸ. 1977ರಲ್ಲಿ ತಮ್ಮಂಥವರಿಗಾಗಿ ಒಂದು ಪತ್ರಿಕೆಯನ್ನೂ ಹೊರಡಿಸಿದರು. ಮೋಡವನ್ನು ದೂರದಿಂದಲೇ ಓದುವುದು ಇಂಥವರ ವಿದ್ಯೆ.

ಆ ವಿದ್ಯೆ ನಮಗೂ ಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಾದ ನೆಲದ ಗಾಳಿ ಮೇಲೇರಿ, ಮೋಡ ಹೂಕೋಸಿನ ಹಾಗೆ ಉಬ್ಬುತ್ತದೆ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೋ, ಸಿಡಿಲು ಬಂತೆಂದೇ ತಿಳಿಯಿರಿ, ಆಲಿಕಲ್ಲೂ ಬಿದ್ದೀತು.

ಮಿಂಚು ಕಂಡೊಡನೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು 1 ಕಿಲೋಮೀಟರು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆ. ಆಗ ನೇಗಿಲು ಬಿಡಿ, ಮನೆ ಸೇರಿ. ಒಂಟಿ ಮರದಡಿ ನಿಲ್ಲಬೇಡಿ, ದನವನ್ನೂ ಕಟ್ಟಬೇಡಿ. ಕೆರೆಯ ನೀರಿಗೆ ಇಳಿಯಬೇಡಿ, ತಂತಿಬೇಲಿ ಮುಟ್ಟಬೇಡಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆದ ಮೇಲೆ ಹೊರಡಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂಬುದು ಸುಳ್ಳು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತಿ, ಬಾಯಿಂದ ಉಸಿರು ಊದಿ, ಆಸ್ಪತ್ರೆಗೆ ಸಾಗಿಸಿ.

ಮಿಂಚು ನೋಡುವ ಆಸೆಯೇ? ಧಾರಾಳವಾಗಿ ನೋಡಿ, ಮನೆಯೊಳಗಿಂದ. ಹೊಲದ ಕೆಲಸ ನಾಳೆಗೂ ಉಂಟು.